ಕುದುರೆ ತೋಟದ ಜನರೇಟರು

"ಜಗಳ ಏನಾರ ಆಡ್ತಿದ್ದೀರಾ ಸಾರ್?"

ಕ್ಯಾರವಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತೋಟದ ಯಜಮಾನ ವೆಂಕಟರಾಮಪ್ಪ ಕೇಳಿದ. ಕೇಳುವಾಗ ಅವನ ಕಣ್ಣು ಭಾನುಪ್ರಕಾಶನ ಮೇಲಿರಲಿಲ್ಲ. ಒಳಗೆ ಗ್ಯಾಸ್ ಒಲೆಯ ಮುಂದೆ ನಿಂತಿದ್ದ ಕವಿತಳ ಮುಖದ ಮೇಲೆ ಏನಾದರೂ ಗುರುತಿದೆಯೇ ಎಂದು ಹುಡುಕುತ್ತಿತ್ತು.

"ಜಗಳವಾ? ಇಲ್ಲವಲ್ಲ. ಯಾಕೆ?"

"ಆ ಪಕ್ಕದ ಟೆಂಟ್‌ನೋರು ಬಂದು ಹೇಳಿದ್ರು, ಯಾರೋ ಗಂಡ ಹೆಂಡ್ತಿ ಕಿತ್ತಾಡ್ತಾವ್ರೆ ಅಂತ. ಕುದುರೆನೂ ಕಿವಿ ನಿಗುರಿಸ್ಕೊಂಡು ಈ ಕಡೆನೇ ನೋಡ್ತಿತ್ತು. ಅದ್ಕೇ ನೋಡ್ಕೊಂಡೋಗಾನ ಅಂತ ಬಂದೆ."

ಅವರು ಆಡಿದ್ದು ಉಪ್ಪಿಟ್ಟಿನ ಮಾತು. ಉಪ್ಪು ಹಾಕಿದೆಯಾ ಎಂದು ಅವನು ಕೇಳಿದ್ದ. ಹಾಕಿದೀನಿ ಎಂದು ಅವಳು ಹೇಳಿದ್ದಳು. ಬೆಳಗಿನಿಂದ ಅವರಿಬ್ಬರ ನಡುವೆ ನಡೆದ ಮಾತುಗಳಲ್ಲಿ ಅದೇ ಉದ್ದನೆಯದು.

"ನಾವು ಮಗ್ಗದವ್ರಣ್ಣ," ಕವಿತ ಸೌಟು ಹಿಡಿದುಕೊಂಡೇ ತಿರುಗಿದಳು. "ನಮ್ಮ ಗಂಟ್ಲೇ ಹಂಗೆ. ಎಂಟು ಪವರ್‌ಲೂಮ್ ಓಡೋ ಮನೇಲಿ ಪಿಸುಗುಟ್ಟಿದ್ರೆ ಯಾರಿಗೆ ಕೇಳ್ಸುತ್ತೆ ಹೇಳಿ."

ವೆಂಕಟರಾಮಪ್ಪನ ಮುಖ ಸಡಿಲವಾಯಿತು. "ಓ, ದೊಡ್ಡಬಳ್ಳಾಪುರದೋರು. ಹಂಗನ್ನಿ ಮತ್ತೆ. ನಮ್ಮ ಬೀಗರೂ ಹಂಗೇ, ಗುಟ್ಟು ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಎಂಟೂ ಓಡ್ತಾವೇನಮ್ಮ ಈಗ?"

ಅವಳು ಒಲೆಯ ಕಡೆ ತಿರುಗಿಕೊಂಡಳು.

"ಈಗಿಲ್ಲ," ಎಂದ ಭಾನುಪ್ರಕಾಶ್. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದ. ಅದೂ ಜೋರಾಗಿಯೇ ಬಂತು.

ವೆಂಕಟರಾಮಪ್ಪ ಹೋದ ಮೇಲೆ ಇಬ್ಬರೂ ಉಪ್ಪಿಟ್ಟು ತಿಂದರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅವನು ಹೇಳಲಿಲ್ಲ.

ಈ ಗಾಡಿಯನ್ನು ಗೊತ್ತುಮಾಡಿದವಳು ಮಗಳು ಧನುಶ್ರೀ. ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು, ನೀವಿಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ, ತೂಬಗೆರೆ ಹತ್ತಿರ ಕುದುರೆ ಸಾಕಿರುವ ಒಂದು ರ‍್ಯಾಂಚ್ ಇದೆ, ಕ್ಯಾರವಾನ್ ಒಳಗೇ ಹಾಸಿಗೆ ಒಲೆ ಎಲ್ಲ ಇರುತ್ತದೆ, ಒಂದು ದಿನ ಇದ್ದು ಬನ್ನಿ ಎಂದು ಇಬ್ಬರಿಗೂ ಬೇರೆ ಬೇರೆ ಫೋನು ಮಾಡಿದ್ದಳು. ಬೇರೆ ಬೇರೆ ಮಾಡಬೇಕಾಯಿತು, ಯಾಕೆಂದರೆ ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದರು.

ಕವಿತ ಆಷಾಢಕ್ಕೆ ತವರಿಗೆ ಹೋದವಳು. ಹೊಸ ಮದುವಣಗಿತ್ತಿಯರು ಹೋಗುತ್ತಾರೆ, ಸರಿ. ನಲವತ್ತಾರು ವರ್ಷದ ಹೆಂಗಸು ಹೋದಾಗ ಬೀದಿಯವರು ನಕ್ಕರು. "ಏನ್ ಮೇಷ್ಟ್ರೇ, ಮನೆಯವ್ರನ್ನ ಆಷಾಢಕ್ಕೆ ಕಳ್ಸಿದ್ದೀರಂತೆ, ಶ್ರಾವಣಕ್ಕೆ ಸೀರೆ ತಗೊಂಡು ಹೋಗಿ ಕರ್ಕೊಂಡ್ ಬನ್ನಿ" ಎಂದು ಎದುರುಮನೆಯವನು ತಮಾಷೆ ಮಾಡಿದ. ಶ್ರಾವಣ ಬಂತು. ಅವಳು ಬರಲಿಲ್ಲ. ಭಾದ್ರಪದದಲ್ಲಿ ಬೀದಿಯವರು ನಗುವುದನ್ನು ನಿಲ್ಲಿಸಿದರು. ಈಗ ಕಾರ್ತೀಕ.

ಅವಳ ತವರು ದೇವನಹಳ್ಳಿ ಆಚೆಯ ವಿಜಯಪುರ. ನಿನ್ನೆ ಸಂಜೆ ಗಾಡಿ ಮೊದಲು ದೊಡ್ಡಬಳ್ಳಾಪುರದಲ್ಲಿ ಅವನನ್ನು ಹತ್ತಿಸಿಕೊಂಡು, ಅಲ್ಲಿಗೆ ಹೋಗಿ ಅವಳನ್ನು ಹತ್ತಿಸಿಕೊಂಡು ಬಂದಿತ್ತು. ಅವಳ ಕೈಯಲ್ಲಿ ಒಂದೇ ಒಂದು ಬಟ್ಟೆಯ ಚೀಲವಿತ್ತು. ನಾಳೆ ಬೆಳಿಗ್ಗೆ ವಾಪಸು. ತೋಟದ ಗೇಟು ದಾಟಿದರೆ ದಾರಿ ಎರಡಾಗುತ್ತದೆ, ಒಂದು ದೊಡ್ಡಬಳ್ಳಾಪುರಕ್ಕೆ, ಇನ್ನೊಂದು ವಿಜಯಪುರಕ್ಕೆ. ಡ್ರೈವರು ಅಂಬರೀಶ್, ದಪ್ಪ ಮೀಸೆಯ, ಐವತ್ತರ ಹತ್ತಿರದ ಮನುಷ್ಯ, ಅದನ್ನು ನಿನ್ನೆ ರಾತ್ರಿಯೇ ಕೇಳಿದ್ದ. "ನಾಳಿದ್ದು ವಾಪಸ್ಸು ಇಬ್ರಿಗೂ ಒಂದೇ ಡ್ರಾಪಾ ಸಾರ್, ಎರಡಾ?" ಕೊನೆಗೆ ಭಾನುಪ್ರಕಾಶನೇ "ನೋಡೋಣ" ಎಂದಿದ್ದ. ಕವಿತ ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದ್ದಳು.

ಆ ಒಂದು ಪ್ರಶ್ನೆಯನ್ನು ಇವತ್ತಿನ ದಿನದೊಳಗೆ ಕೇಳಬೇಕು. ಅವನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಬೇಡಿಕೆ ಎಂದರೇನು ಎಂದು ಇಪ್ಪತ್ತು ವರ್ಷದಿಂದ ವಿವರಿಸುತ್ತ ಬಂದವನಿಗೆ ತನ್ನದೊಂದನ್ನು ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ.

ತಿಂಡಿಯಾದ ಮೇಲೆ ಇಬ್ಬರೂ ಕುದುರೆ ನೋಡಲು ಹೊರಟರು. ನೋಡದೆ ಇದ್ದರೆ ಮಗಳು ಬೇಸರ ಮಾಡಿಕೊಳ್ಳುತ್ತಾಳೆ.

ಹಿಂದೆ ಇದು ದ್ರಾಕ್ಷಿ ತೋಟ. ಬಳ್ಳಿ ಹೋಗಿ ಬಹಳ ಕಾಲವಾಗಿದ್ದರೂ ಚಪ್ಪರದ ಕಲ್ಲುಕಂಬಗಳು ಸಾಲಾಗಿ ನಿಂತಿದ್ದವು. ಅವಕ್ಕೇ ಹಲಗೆ ಬಡಿದು ಕುದುರೆಗಳಿಗೆ ಬೇಲಿ ಮಾಡಿದ್ದರು. ವೆಂಕಟರಾಮಪ್ಪನ ಅಳಿಯ ಎಲ್ಲಿಂದಲೋ ಒಂದು ಇಂಗ್ಲಿಷ್ ಬೋರ್ಡು ತಂದು ಗೇಟಿಗೆ ಹಾಕಿದ್ದ. ಸುತ್ತಲಿನ ಊರಿನವರು ಅದನ್ನು ಓದುವ ಗೋಜಿಗೆ ಹೋಗದೆ ಕುದುರೆ ತೋಟ ಎಂದೇ ಕರೆಯುತ್ತಿದ್ದರು. ಕಂದು ಬಣ್ಣದ ಒಂದು ಹೆಣ್ಣು ಕುದುರೆ ಬೇಲಿಯ ಹತ್ತಿರ ಬಂದು ಕವಿತಳ ಸೆರಗು ಮೂಸಿತು.

"ಕಚ್ಚುತ್ತೇನೋ," ಎಂದ ಅವನು.

"ಯಾಕೆ ಕಚ್ಚುತ್ತೆ."

"ಸುಮ್ನೆ ಹೇಳ್ದೆ."

ಅವಳು ಅದರ ಹಣೆ ಸವರಿದಳು. ಕುದುರೆ ಕಣ್ಣು ಮುಚ್ಚಿತು. ಅವನು ಒಂದು ಕಂಬಕ್ಕೆ ಕೈಯೂರಿಕೊಂಡು ನಿಂತ.

"ನಿಮ್ಮಣ್ಣ ಚೆನ್ನಾಗಿದ್ದಾರಾ?"

"ನಿನ್ನೆ ನೀವೇ ನೋಡಿದ್ರಲ್ಲ."

"ಹೌದು. ಸ್ವಲ್ಪ ಸೊರಗಿದ್ದಾರೇನೋ ಅನ್ನಿಸ್ತು. ನಿಂಗೆ ಅಲ್ಲಿ ಹೊತ್ತು ಹೋಗುತ್ತಾ?"

"ಅಲ್ಲೇನು, ರೇಷ್ಮೆ ಬಿಚ್ಚೋ ಮಿಷನ್ನು ಬೆಳಗ್ಗಿಂದ ಸಂಜೆವರೆಗೂ ಸುತ್ತುತ್ತೆ. ಅದರ ಹತ್ರ ಕೂತ್ಕೊಂಡಿರ್ತೀನಿ."

"ಅಲ್ಲಿ ಗಲಾಟೆ ಅಲ್ವಾ?"

ಅವಳು ಅವನನ್ನು ಒಂದು ಕ್ಷಣ ನೋಡಿದಳು. ನೋಡಿ ಕುದುರೆಯ ಕಡೆ ತಿರುಗಿದಳು.

ಗಲಾಟೆ ಅನ್ನುವುದು ಅವನ ಮಾತು. ಅವನು ಹುಟ್ಟಿದ್ದೇ ಆ ಸದ್ದಿನಲ್ಲಿ. ಗೋಡೆ, ನೀರಿನ ಲೋಟ, ಊಟದ ತಟ್ಟೆ ಎಲ್ಲವೂ ದಿನವಿಡೀ ಸಣ್ಣಗೆ ನಡುಗುತ್ತಿದ್ದ ಮನೆ. ಅಂಥ ಮನೆಗಳಲ್ಲಿ ಮಾತಿಗೆ ದನಿ ಬೇಕಿಲ್ಲ. ಮಗ್ಗದ ಈಚೆ ನಿಂತವರು ಬಾಯಿ ಆಡಿಸುತ್ತಾರೆ, ಆಚೆ ನಿಂತವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಊಟ, ಲೆಕ್ಕ, ಚಾಡಿ, ಬೈಗುಳ ಎಲ್ಲ ಹಾಗೇ. ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಅವನಿಗೂ ಬರುತ್ತಿತ್ತು. ಬೆಂಗಳೂರಿಗೆ ಹೋಗಿ ಎಂ.ಎ. ಮಾಡಿ ಬಂದ ಮೇಲೆ ತಾಯಿ ಹಾಗೆ ಬಾಯಾಡಿಸಿದರೆ "ಏನಮ್ಮ, ಬಾಯಿಬಿಟ್ಟು ಹೇಳು" ಎನ್ನುತ್ತಿದ್ದ.

ಮದುವೆಯಾದ ಹೊಸತರಲ್ಲಿ ಕವಿತ ಮಗ್ಗದ ಆಚೆಯಿಂದ, ದನಿಯಿಲ್ಲದೆ, ಊಟಕ್ಕೆ ಬನ್ನಿ ಎಂದಿದ್ದಳು. ಅವನಿಗೆ ಅರ್ಥವಾಗಿತ್ತು. ಆದರೂ ಕಿವಿಗೆ ಕೈಯಿಟ್ಟು, ಮೇಲೆ ಬಂದು ಹೇಳು ಎಂದು ಸನ್ನೆ ಮಾಡಿ ಮಹಡಿ ಹತ್ತಿಹೋಗಿದ್ದ. ಅಂದಿನಿಂದ ಅವಳು ಅವನಿಗೆ ಏನು ಹೇಳಬೇಕಾದರೂ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬರಬರುತ್ತ ಹತ್ತಿ ಬರುವಷ್ಟು ದೊಡ್ಡ ಮಾತುಗಳು ಕಡಿಮೆಯಾದವು.

ಅವನ ತಂದೆ ಹೋದ ಮೇಲೆ ಮಗ್ಗದ ಮನೆಯನ್ನು ನಡೆಸಿದವಳು ಅವಳೇ. ಕಳೆದ ವರ್ಷ ಅವಳು ಒಂದು ಮದುವೆಗೆಂದು ಊರಿಗೆ ಹೋಗಿದ್ದಾಗ ಅವನು ಎಂಟು ಮಗ್ಗಗಳನ್ನೂ ಮಾರಿದ. ನೆಮ್ಮದಿಯಾಗಿರಲಿ, ಎಷ್ಟು ದಿನ ದುಡಿಯುತ್ತಾಳೆ ಎಂದುಕೊಂಡಿದ್ದ. ಹಾಗೆ ಅಂದುಕೊಂಡದ್ದು ನಿಜ. ತನಗೆ ಓದಲು ಮೌನ ಬೇಕು ಎಂದುಕೊಂಡದ್ದೂ ನಿಜ. ಮೌನ ಬಂತು. ಮೌನ ಬಂದ ಮೇಲೆ ಅವನು ಒಂದು ಪುಸ್ತಕವನ್ನೂ ಮುಗಿಸಿರಲಿಲ್ಲ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ತೋಟದ ಮನೆಯಿಂದ ಬಂತು. ತಂದವನು ಅಂಬರೀಶ್. ಉಣ್ಣುವಾಗ ಅವನೊಬ್ಬನೇ ಮಾತಾಡಿದ.

"ಈ ಗಾಡಿ ಒಂಥರಾ ಮನೆನೇ ಅಕ್ಕ. ಟೇಬಲ್ ಇಳಿಸಿದ್ರೆ ಮಂಚ, ಮಡಿಚಿದ್ರೆ ಗೋಡೆ. ಎಲ್ಲಿ ನಿಲ್ಲಿಸ್ತೀವೋ ಅದೇ ಊರು."

"ಪಾಯ ಇಲ್ದಿರೋ ಮನೆ," ಎಂದಳು ಕವಿತ.

"ಪಾಯ ಇದ್ರೆ ಹಾಲು ಉಕ್ಕಿಸ್ಬೇಕು, ವಾಸ್ತು ನೋಡ್ಬೇಕು, ಕಂದಾಯ ಕಟ್ಬೇಕು. ಇದಕ್ಕೆ ಗಾಳಿ ಒಂದ್ ಹಾಕಿದ್ರೆ ಸಾಕು."

ಅವಳು ನಕ್ಕಳು. ಸಣ್ಣ ನಗು. ಭಾನುಪ್ರಕಾಶನಿಗೆ ಅಂಬರೀಶನ ಮೇಲೆ ಹೊಟ್ಟೆಕಿಚ್ಚಾಯಿತು. ಆದದ್ದು ಗೊತ್ತಾಗಿ ಇನ್ನೊಂದು ಸಲ ಸಾರು ಬಡಿಸಿಕೊಂಡ.

ಊಟವಾದ ಮೇಲೆ ಅವಳು ಒಳಗೆ ಮಲಗಲು ಹೋದಳು. ನಿದ್ದೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮಗ್ಗ ಹೋದಂದಿನಿಂದ ಅವಳು ಸರಿಯಾಗಿ ನಿದ್ದೆ ಮಾಡಿದ್ದನ್ನು ಅವನು ಕಂಡಿರಲಿಲ್ಲ. ರಾತ್ರಿಯೂ ಈ ಇಕ್ಕಟ್ಟಿನ ಮಂಚದಲ್ಲಿ ಅವಳ ಉಸಿರು ಎಚ್ಚರದ್ದೇ ಆಗಿತ್ತು. ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿ ಬೆಳಗು ಮಾಡಿದ್ದರು.

ಅವನು ಹೊಂಗೆಮರದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದ. ಗಾಳಿ ಇರಲಿಲ್ಲ. ದೂರದಲ್ಲಿ ಒಂದು ಟ್ರ್ಯಾಕ್ಟರು ಹೋಗಿ ಮರೆಯಾಯಿತು. ಇದಕ್ಕಿಂತ ಒಳ್ಳೆಯ ಮೌನ ಸಿಗಲಾರದು ಎಂದುಕೊಂಡ. ಅದೇ ಪುಟವನ್ನು ಮತ್ತೆ ಮೊದಲಿನಿಂದ ಓದಿದ.

ಕರೆಂಟು ಹೋಗಿರಬೇಕು. ಯಾರೋ ಕೂಗಿದರು, ಯಾರೋ ಬೈದರು, ಆಮೇಲೆ ಕ್ಯಾರವಾನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಜನರೇಟರು ಹತ್ತಿಕೊಂಡಿತು. ದ್ರಾಕ್ಷಿ ತೋಟದ ಕಾಲದ ಹಳೆಯ ಡೀಸೆಲ್ ಯಂತ್ರ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಖಟ ಖಟ ಖಟ ಖಟ. ಶೆಡ್ಡಿನ ತಗಡು ಅದರ ಜೊತೆ ಸೇರಿತು. ಪಕ್ಕದ ಟೆಂಟಿನ ನಗರದ ಗಂಡ ಹೆಂಡತಿ ಕಿವಿ ಮುಚ್ಚಿಕೊಂಡು ಹೊರಗೆ ಬಂದು ಕುದುರೆಗಳ ಕಡೆ ನಡೆದುಬಿಟ್ಟರು.

ಭಾನುಪ್ರಕಾಶನಿಗೆ ರೇಗಿತು. ಕವಿತಳಿಗೂ ಹೇಳಿ ಇಬ್ಬರೂ ಹೋಗಿ ದೂರು ಕೊಡುವುದೆಂದು ಬಾಗಿಲು ತೆಗೆದ.

ಅವಳು ನಿದ್ದೆ ಹೋಗಿದ್ದಳು.

ಬಾಯಿ ಕೊಂಚ ತೆರೆದಿತ್ತು. ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಸಿಂಕಿನ ಪಕ್ಕದ ಸ್ಟೀಲ್ ಲೋಟ ಸಣ್ಣಗೆ ನಡುಗುತ್ತ ಅಂಚಿನ ಕಡೆಗೆ ಸರಿಯುತ್ತಿತ್ತು. ಅವನು ಅದನ್ನು ಹಿಡಿದು ಒಳಗೆ ಸರಿಸಿದ. ಆಮೇಲೆ ಏನು ಮಾಡಬೇಕೆಂದು ತೋಚದೆ ಬಾಗಿಲ ಮೆಟ್ಟಿಲ ಮೇಲೆ ಕೂತ. ಅವಳ ಹಣೆಯ ಮೇಲಿನ ಎರಡು ಗೆರೆಗಳು ಮಾಯವಾಗಿದ್ದವು. ಅವು ಹುಟ್ಟಿನಿಂದ ಬಂದ ಗೆರೆಗಳೆಂದು ಅವನು ತಿಳಿದಿದ್ದ.

ದೂರು ಕೊಡಲು ಹೋಗಲಿಲ್ಲ. ಬಹಳ ಹೊತ್ತು ಕಾವಲಿಗೆ ಕೂತವನ ಹಾಗೆ ಕೂತಿದ್ದ.

ಕರೆಂಟು ಬಂತು. ಜನರೇಟರು ಗಕ್ಕನೆ ನಿಂತಿತು.

ಕವಿತ ಎದ್ದು ಕೂತಳು. ಕೂತಳು ಎನ್ನುವಷ್ಟರಲ್ಲಿ ಕೆಳಗಿಳಿದಿದ್ದಳು, ಅವನನ್ನು ದಾಟಿದ್ದಳು, ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿ ನಿಂತಿದ್ದಳು. "ಯಾವ್ದು ನಿಂತಿದ್ದು?" ಎಂದು ಕೂಗಿದಳು. ಎದುರಿಗೆ ಕಲ್ಲುಕಂಬಗಳಿದ್ದವು, ಕುದುರೆಗಳಿದ್ದವು. ಕುದುರೆಗಳು ತಲೆಯೆತ್ತಿ ನೋಡಿದವು.

ಅವಳ ಕೈಗಳು ಎದೆಯ ಮಟ್ಟಕ್ಕೆ ಎದ್ದು ಗಾಳಿಯಲ್ಲಿ ಎಳೆ ಹುಡುಕುವ ಹಾಗೆ ನಿಂತಿದ್ದವು. ನಿಧಾನವಾಗಿ ಇಳಿಸಿದಳು.

"ಜನರೇಟರು," ಎಂದ ಅವನು.

"ಹೂಂ. ಗೊತ್ತಾಯ್ತು."

ಅವಳು ಹುಲ್ಲಿನ ಮೇಲೇ ಕೂತಳು. ಅವನು ಚಪ್ಪಲಿ ತಂದು ಅವಳ ಮುಂದಿಟ್ಟ. ಅವಳು ಹಾಕಿಕೊಳ್ಳಲಿಲ್ಲ.

"ಮಗ್ಗ ನಿಂತ್ರೆ ಎಳೆ ಕಡಿದಿದೆ ಅಂತ ಅಲ್ವಾ," ಎಂದಳು. ಯಾರಿಗೋ ಹೇಳುವ ಹಾಗೆ. "ಎದ್ದು ಓಡ್ಬೇಕು, ಹುಡುಕ್ಬೇಕು, ಗಂಟು ಹಾಕ್ಬೇಕು. ನಿದ್ದೇಲಿದ್ರೂ ಅಷ್ಟೇ. ಒಂದು ನಿಂತ್ರೆ ಮಿಕ್ಕ ಏಳರ ಸದ್ದಲ್ಲೂ ಗೊತ್ತಾಗೋದು."

"ಗೊತ್ತು."

"ನಿಮ್ಗೆಲ್ಲಿ ಗೊತ್ತು. ನೀವು ಕಿವಿಗೆ ಹತ್ತಿ ಇಟ್ಕೊಂಡಿದ್ದೋರು."

ಅವನು ಚಪ್ಪಲಿಯನ್ನು ಅವಳ ಕಾಲಿನ ಹತ್ತಿರಕ್ಕೆ ಸರಿಸಿದ.

"ನೀವು ಎಂಟೂ ಮಾರಿಬಿಟ್ರಿ. ಸರಿ, ಮಾರಿದ್ರಿ. ನಂಗೆ ಅದಲ್ಲ. ಆ ಮನೇಲಿ ಬೆಳಗ್ಗೆ ಎದ್ರೆ ಎಂಟೂ ನಿಂತಿವೆ. ಎಂಟೂ ಕಡೆ ಎಳೆ ಕಡಿದಿದೆ. ಓಡ್ಬೇಕು ಅನ್ಸುತ್ತೆ. ಎಲ್ಲಿಗೆ ಓಡ್ಲಿ? ಇಡೀ ದಿನ ಹಂಗೇ ಅನ್ಸ್ತಾನೇ ಇರುತ್ತೆ. ನೀವು ಮೇಲೆ ಪುಸ್ತಕ ಹಿಡ್ಕೊಂಡು ಕೂತಿರ್ತೀರಿ."

ಇಪ್ಪತ್ತೈದು ವರ್ಷದಲ್ಲಿ ಇಷ್ಟು ಉದ್ದದ ಮಾತನ್ನು ಅವಳು ಅವನಿಗೆ ಹೇಳಿದ್ದು ಅವನ ನೆನಪಿನಲ್ಲಿ ಇರಲಿಲ್ಲ. ಅದಕ್ಕೆ ಒಂದು ಉತ್ತರ ಬೇಕಿತ್ತು. ನಾಳಿನ ದಾರಿಯ ಮಾತನ್ನೂ ಈಗಲೇ ಕೇಳಬಹುದಿತ್ತು. ಅವನು ಬಾಯಿ ತೆರೆದ.

"ಟೀ ಮಾಡ್ಲಾ?" ಎಂದ.

"ಮಾಡಿ."

ಟೀಗೆ ಸಕ್ಕರೆ ಹಾಕುವುದನ್ನು ಮರೆತ. ಅವಳೂ ಕೇಳದೆ ಕುಡಿದಳು. ಬಿಸಿಲು ಇಳಿಯುತ್ತಿತ್ತು. ಅಂಬರೀಶ್ ಬಂದು ಕ್ಯಾರವಾನಿನ ಎದುರಿಗೆ ಸೌದೆ ಒಟ್ಟಿ, ಚಳಿ ಕಾಯಿಸಿಕೊಳ್ಳಲು ಬೆಂಕಿ ಹಾಕಿಕೊಟ್ಟು, "ಇದೂ ಪ್ಯಾಕೇಜಲ್ಲೇ ಬರುತ್ತೆ ಸಾರ್" ಎಂದು ಹೇಳಿ ತೋಟದ ಮನೆಯ ಹಿಂದಿನ ತನ್ನ ಟೆಂಟಿಗೆ ಹೋದ. ಕವಿತ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಸುತ್ತ ಮತ್ತೆ ಆ ಒಳ್ಳೆಯ ಮೌನ. ಒಳಗೆ ಅವಳು ತೊಳೆಯುತ್ತ ಮಧ್ಯೆ ಮಧ್ಯೆ ಕೈ ನಿಲ್ಲಿಸುವುದು ಈಗ ಅವನಿಗೆ ಕೇಳಿಸುತ್ತಿತ್ತು. ಕಿವಿಗೊಡುತ್ತಾಳೆ. ಏನೂ ಇಲ್ಲ. ಮತ್ತೆ ತೊಳೆಯುತ್ತಾಳೆ.

ಅವನು ಎದ್ದು ತೋಟದ ಮನೆಯ ಕಡೆ ಹೊರಟ.

ವೆಂಕಟರಾಮಪ್ಪ ಜಗಲಿಯ ಮೇಲೆ ಕೂತು ಕುದುರೆಯ ಹಗ್ಗ ಹೊಸೆಯುತ್ತಿದ್ದ.

"ಏನ್ ಸಾರ್, ನೀರು ಬರ್ತಿಲ್ವಾ?"

"ನೀರು ಬರುತ್ತೆ. ಆ ಜನರೇಟರು."

"ಮಧ್ಯಾಹ್ನ ತೊಂದ್ರೆ ಆಯ್ತು ಅಲ್ವಾ. ಟೆಂಟ್‌ನೋರೂ ಬೈದ್ರು, ಸಾಯಂಕಾಲಕ್ಕೇ ಖಾಲಿ ಮಾಡ್ಕೊಂಡು ಹೋದ್ರು. ಏನ್ ಮಾಡಾನ, ಹಳೇದು. ಕರೆಂಟ್ ಬಂದೈತೆ, ಇನ್ನು ಹಾಕಲ್ಲ ಬಿಡಿ."

"ಅಲ್ಲ. ಸ್ವಲ್ಪ ಹೊತ್ತು ಹಾಕ್ತೀರಾ ಅಂತ ಕೇಳೋಕೆ ಬಂದೆ."

ವೆಂಕಟರಾಮಪ್ಪ ಹಗ್ಗ ಕೆಳಗಿಟ್ಟ. "ಕರೆಂಟ್ ಐತಲ್ಲ ಸಾರ್."

"ಇದೆ."

"ಮತ್ತೆ?"

ಭಾನುಪ್ರಕಾಶ್ ಜಗಲಿಯ ಕಂಬ ಹಿಡಿದುಕೊಂಡ. ಮೌನದ ಬೆಲೆಯ ಬಗ್ಗೆ ಅವನು ಒಮ್ಮೆ ಕಾಲೇಜಿನ ಪತ್ರಿಕೆಗೆ ಲೇಖನ ಬರೆದಿದ್ದ. "ನಮ್ಮನೆಯವ್ರಿಗೆ," ಎಂದು ಶುರುಮಾಡಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಅತ್ತಿತ್ತ ನೋಡಿದ. ಅವನ ದನಿ ಇಡೀ ತೋಟಕ್ಕೆ ಕೇಳುವಂತಿತ್ತು. "ಸದ್ದು ಇದ್ರೆ ನೆಮ್ಮದಿ. ಮಗ್ಗದ ಮನೆ ನೋಡಿ."

ವೆಂಕಟರಾಮಪ್ಪ ಅವನ ಮುಖವನ್ನೇ ನೋಡಿದ. ಬೆಳಿಗ್ಗೆ ಹೆಂಡತಿಯ ಮುಖದಲ್ಲಿ ಹುಡುಕಿದ್ದನ್ನು ಈಗ ಗಂಡನ ಮುಖದಲ್ಲಿ ಹುಡುಕಿದ. ಆಮೇಲೆ ಎದ್ದು ಪಂಚೆ ಕೊಡವಿದ.

"ನಮ್ಮಪ್ಪನೂ ಹಂಗೇ ಇದ್ದ. ಎತ್ತು ಕಟ್ಟಿ ನೀರೆತ್ತೋ ಕಪಿಲೆ ಬಾವಿ ಗಡಗಡೆ ಸದ್ದು ನಿಂತ್ಮೇಲೆ ರಾತ್ರಿಯೆಲ್ಲ ಎದ್ದೆದ್ದು ಕೂರೋನು. ನಡೀರಿ. ಟ್ಯಾಂಕ್ನಾಗೆ ಇರೋವರ್ಗೂ ಓಡ್ಲಿ. ಜಾಸ್ತಿ ಇಲ್ಲ ಮತ್ತೆ."

ಇಬ್ಬರೂ ಶೆಡ್ಡಿಗೆ ಹೋದರು. ವೆಂಕಟರಾಮಪ್ಪ ಹ್ಯಾಂಡಲ್ ತಿರುಗಿಸಿದ. ಕೆಮ್ಮಿತು, ನಿಂತಿತು. "ನೀವೊಂದ್ ಕೈ ಹಾಕಿ ಸಾರ್" ಎಂದ. ಭಾನುಪ್ರಕಾಶ್ ಹಾಕಿದ. ಅಂಗೈಗೆ ಗ್ರೀಸು ಮೆತ್ತಿತು. ಯಂತ್ರ ಹಿಡಿದುಕೊಂಡಿತು.

ಅವನು ಬೆಂಕಿಯ ಹತ್ತಿರ ಬಂದಾಗ ಕತ್ತಲು ಕವಿಯಲು ಶುರುವಾಗಿತ್ತು. ಕ್ಯಾರವಾನಿನ ಒಳಗೆ ದೀಪವಿತ್ತು. ಕಿಟಕಿಯ ಗಾಜಿನ ಆಚೆ ಕವಿತ ನಿಂತಿದ್ದಳು. ದೀಪ ಆರಿರಲಿಲ್ಲ, ಫ್ಯಾನು ನಿಂತಿರಲಿಲ್ಲ. ಆದರೂ ಜನರೇಟರು ಓಡುತ್ತಿದೆ. ಅವಳು ಮೇಲೆ ದೀಪವನ್ನು ನೋಡಿದಳು. ಹೊರಗೆ ಅವನನ್ನು ನೋಡಿದಳು. ಅವನ ಕೈಗೆ ಮೆತ್ತಿದ ಕಪ್ಪನ್ನು ನೋಡಿದಳು.

ಅವಳ ತುಟಿ ಆಡಿತು.

ಕೇಳಿಸಲಿಲ್ಲ. ಕೇಳಿಸುವಂತಿರಲಿಲ್ಲ. ಗಾಜು, ಯಂತ್ರ, ತಗಡಿನ ಶೆಡ್ಡು. ಕೈಯನ್ನು ಕಿವಿಗೆ ಒಯ್ಯಬೇಕೆಂದು ಅವನ ತೋಳು ತಾನಾಗಿ ಅರ್ಧ ಎದ್ದಿತು. ಅಲ್ಲೇ ತಡೆದ. ಅವಳು ಮತ್ತೆ ಬಾಯಾಡಿಸಿದಳು, ಅದೇ ಮಾತು, ಹಿಂದಿನಷ್ಟೇ ವೇಗವಾಗಿ. ಅವನಿಗಾಗಿ ನಿಧಾನ ಮಾಡಲಿಲ್ಲ.

*ನೀವಾ ಹಾಕಿಸಿದ್ದು?*

ಅದು ಅವನಿಗೆ ಬಂತು. ಓದಿದ ಹಾಗಲ್ಲ. ಮರೆತ ಹೆಸರು ನೆನಪಾಗುವ ಹಾಗೆ ಬಂತು.

ಅವನು ಹೌದೆಂದು ತಲೆಯಾಡಿಸಹೋಗಿ, ಬೇಡವೆಂದು, ಬಾಯಿಯನ್ನೇ ಆಡಿಸಿದ. ದನಿಯಿಲ್ಲದ ಬಾಯಿ ಬಿಗಿಯಾಗಿತ್ತು, ಬೇರೆಯವರ ಹಲ್ಲು ಕಟ್ಟಿಸಿಕೊಂಡ ಹಾಗಿತ್ತು. *ಹೂಂ.*

ಅವಳು ಅವನ ಬಾಯಿಯನ್ನೇ ನೋಡಿದಳು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

*ಡೀಸೆಲ್ ದಂಡ*, ಎಂದಳು.

*ಆಗ್ಲಿ.*

*ಕೈ ನೋಡಿ ಹೆಂಗಾಗಿದೆ. ಒಳಗೆ ಬಂದು ತೊಳ್ಕೊಳಿ.*

*ಬರ್ತೀನಿ.*

ಬೆಂಕಿಯ ಈಚೆ ಅವನು, ಗಾಜಿನ ಆಚೆ ಅವಳು. ಅವಳು ಇನ್ನೂ ಏನೇನೋ ಹೇಳಿದಳು. ವಿಜಯಪುರದ ಅತ್ತಿಗೆಯ ಬಗ್ಗೆ ಒಂದು ದೂರು, ಧನುಶ್ರೀಗೆ ಫೋನು ಮಾಡಬೇಕು ಎಂಬುದು. ಮೆಟ್ಟಿಲು ಹತ್ತಿ ಬಂದು ಹೇಳುವಷ್ಟು ದೊಡ್ಡದಲ್ಲದ ಮಾತುಗಳು. ಅರ್ಧಕ್ಕರ್ಧ ಅವನಿಗೆ ತಪ್ಪಿಹೋದವು. ತಪ್ಪಿದ್ದಕ್ಕೂ ಹೂಂ ಎಂದ. ಅವಳಿಗೆ ಅದು ಗೊತ್ತಾಯಿತು. ಅವಳು ನಕ್ಕಳು. ಅಂಬರೀಶನಿಗೆ ಕೊಟ್ಟದ್ದಕ್ಕಿಂತ ದೊಡ್ಡ ನಗು.

ಆಗ ಜನರೇಟರು ಕೆಮ್ಮಿತು. ಎರಡು ಸಲ ಎಳೆದು ನಿಂತಿತು.

ತಗಡಿನ ಶೆಡ್ಡು ಕೊನೆಗೊಮ್ಮೆ ನಡುಗಿ ಸುಮ್ಮನಾಯಿತು. ತೋಟದ ಮೇಲೆ ಮೌನ ಒಟ್ಟಿಗೇ ಇಳಿಯಿತು. ಭಾನುಪ್ರಕಾಶ್ ಬಾಗಿಲ ಕಡೆ ನೋಡಿದ. ಈಗ ಅವಳು ಬೆಚ್ಚುತ್ತಾಳೆ, ಬಾಗಿಲು ತೆಗೆದು ಓಡಿಬರುತ್ತಾಳೆ.

ಅವಳ ಭುಜ ಒಮ್ಮೆ ಎದ್ದಿತು. ಕೈಗಳೂ ಎದ್ದವು. ಎದ್ದ ಕೈಗಳನ್ನು ಅವಳು ಗಾಜಿನ ಮೇಲಿಟ್ಟಳು. ಓಡಲಿಲ್ಲ. ಅವನನ್ನು ನೋಡುತ್ತ ನಿಂತಳು.

ಈಗ ದನಿಯೆತ್ತಿ ಮಾತಾಡಬಹುದಿತ್ತು. ಸುತ್ತ ಯಾರೂ ಇರಲಿಲ್ಲ, ಟೆಂಟಿನವರೂ ಹೋಗಿದ್ದರು. ಕುದುರೆಯೊಂದು ಮೇವು ಜಗಿಯುವುದು ಕೇಳುವಷ್ಟು ಮೌನ. ಅವನು ದನಿಯೆತ್ತಲಿಲ್ಲ. ಬೆಂಕಿಯನ್ನು ಬಳಸಿ ಒಂದು ಹೆಜ್ಜೆ ಮುಂದೆ ಬಂದು, ಎಂಟು ಮಗ್ಗ ಓಡುತ್ತಿರುವ ಮನೆಯಲ್ಲಿ ನಿಂತವನ ಹಾಗೆ, ತುಟಿಯನ್ನು ಚೆನ್ನಾಗಿ ತೆರೆದು ಕೇಳಿದ.

*ನಾಳೆ ಯಾವ ದಾರಿ?*

ಅವಳಿಗೆ ಅರ್ಥವಾಯಿತು. ಆದದ್ದು ಕಣ್ಣಿನಲ್ಲಿ ಕಂಡಿತು. ಅವಳ ತುಟಿ ತೆರೆದುಕೊಂಡಿತು.

ಅಷ್ಟರಲ್ಲಿ ಬೆಂಕಿಯಲ್ಲಿ ಒಂದು ಕೊರಡು ಜಾರಿತು. ಉರಿ ಮೇಲೆದ್ದು ಅದರ ಬಿಂಬ ಗಾಜಿನ ಮೇಲೆ, ಸರಿಯಾಗಿ ಅವಳ ಬಾಯಿಯ ಜಾಗದಲ್ಲಿ ಕೂತು ಕುಣಿಯತೊಡಗಿತು. ಅದರ ಹಿಂದೆ ಅವಳು ಹೇಳುತ್ತಲೇ ಇದ್ದಳು, ಬಿಡಿಸಿ ಬಿಡಿಸಿ, ಈ ಸಲ ನಿಧಾನವಾಗಿ. ಅವನು ಬಲಕ್ಕೆ ಸರಿದ. ಉರಿಯೂ ಸರಿಯಿತು. ಇನ್ನೊಂದು ಹೆಜ್ಜೆ ಗಾಜಿನ ಹತ್ತಿರಕ್ಕೆ ಹೋಗಿ, ತುದಿಗಾಲಿನ ಮೇಲೆ ನಿಂತು, ಗ್ರೀಸು ಮೆತ್ತಿದ ಕೈಯನ್ನು ಬೆಳಕಿಗೆ ಅಡ್ಡ ಹಿಡಿದು ಅವಳ ತುಟಿಯನ್ನು ಹುಡುಕಿದ.